ತಿಳಿಯಾದ ತಟ್ಟೆ

ತುಂಗಭದ್ರೆಯ ದಡದ ಆಶ್ರಮದಲ್ಲೊಂದು ಕಣ್ಣಾಸ್ಪತ್ರೆ. ಅದನ್ನು ಕಟ್ಟಿಸಿದ ಗುರು ಮರುಳಯ್ಯನವರಿಗೇ ಕಣ್ಣು ಕಾಣದು. ಸುಣ್ಣ ಸಿಡಿದು ಎರಡೂ ಕಣ್ಣಿನ ಕಾರ್ನಿಯಾ, ಅಂದರೆ ಮುಂದಿನ ಗಾಜಿನಂಥ ಪದರ, ಬೆಳ್ಳಗಾಗಿತ್ತು.

ಶಿಷ್ಯ ತಿಪ್ಪೇಶನಿಗೆ ಪಿಎಚ್‌ಡಿಗೆ ಎರಡು ಕಡೆ ಸೀಟು ಸಿಕ್ಕಿತು. ಒಂದೇ ಸಿಕ್ಕಿದ್ದರೆ ಹಾಯಾಗಿ ಹೊರಡುತ್ತಿದ್ದ, ಪುಣ್ಯಾತ್ಮ! ಎರಡು ಸಿಕ್ಕಿ ತಲೆ ಗಿರ್ ಅಂತ ತಿರುಗಿತು. ಸಂಜೆಯೊಳಗೆ ಉತ್ತರ ಕೊಡಬೇಕು.

"ಗುರುಗಳೇ, ಮೊದಲನೆಯದು ದೊಡ್ಡ ಲ್ಯಾಬು. ಒಂದು ಕಣ್ಣು ಸುಟ್ಟವರಿಗೆ, ಚೆನ್ನಾಗಿರೋ ಕಣ್ಣಿನ ಅಂಚಿಂದ ಜೀವಕೋಶ ತೆಗೆದು ಹೊಸ ಪದರ ಬೆಳೆಸ್ತಾರೆ. ಗೊತ್ತಿರೋ ದಾರಿ. ಪದವಿ ಖಾತ್ರಿ."

"ಇನ್ನೊಂದು?"

"ಚಿಕ್ಕದು. ಎರಡೂ ಕಣ್ಣು ಸುಟ್ಟವರಿಗೆ ಕೆನ್ನೆಯ ಒಳಚರ್ಮದಿಂದ ಬೆಳೆಸಬೇಕು. ಬೆಳೆಯುತ್ತೆ, ಆದರೆ ಮಬ್ಬು ಬಿಡಲ್ಲ. ಯಾಕೆ ಅಂತ ಅಲ್ಲಿನ ಗೈಡ್ ಮೇಡಂಗೂ ಗೊತ್ತಿಲ್ಲ."

"ನಿನ್ನ ಮನಸ್ಸು ಎಲ್ಲಿದೆ?"

"ಎರಡನೆಯದರಲ್ಲಿ. ನಿಮ್ಮ ಕಣ್ಣಿಗೋಸ್ಕರ." ತಿಪ್ಪೇಶ ಗುರುಗಳ ಕಾಲ ಬಳಿ ಕೂತ. "ಒಂದು ಸಲವಾದರೂ ನೀವು ನನ್ನ ಮುಖ ನೋಡಬೇಕು."

ಗುರುಗಳು ಮುಖ ಗಂಟಿಕ್ಕಿದರು. "ಹಾಗಾದರೆ ಬೇಡ. ಮೊದಲನೆಯದಕ್ಕೆ ಹೋಗು."

ಅಯ್ಯೋ, ಇದೊಳ್ಳೆ ಕಥೆಯಾಯಿತಲ್ಲ! ಪ್ರೀತಿಯಿಂದ ಹೇಳಿದರೆ ಸಿಟ್ಟು ಮಾಡೋದಾ? ತಿಪ್ಪೇಶ ಕಕ್ಕಾಬಿಕ್ಕಿಯಾದ.

ಗುರುಗಳು ಆಸ್ಪತ್ರೆಯ ಲ್ಯಾಬಿನಿಂದ ಎರಡು ಗಾಜಿನ ತಟ್ಟೆ ತರಿಸಿದರು. ಒಂದರ ಮುಚ್ಚಳದ ಮೇಲೆ 'ಮರುಳಯ್ಯ' ಎಂದಿತ್ತು. ಇನ್ನೊಂದರ ಮೇಲೆ 'ನಿಂಗಮ್ಮ', ಆಶ್ರಮದ ಅಡುಗೆಯವಳು.

"ಕೆನ್ನೆಯ ಒಳಚರ್ಮದಿಂದ ಇಲ್ಲೇ ಪರೀಕ್ಷೆಗೆ ಅಂತ ಬೆಳೆಸಿದ ಪದರ. ಯಾವುದು ಹೆಚ್ಚು ತಿಳಿಯಾಗಿದೆ, ಹೇಳು."

ತಿಪ್ಪೇಶ ಬೆಳಕಿಗೆ ಹಿಡಿದ. ಮೈಕ್ರೋಸ್ಕೋಪಿನಡಿ ಇಟ್ಟ. ನೋಡನೋಡುತ್ತ ಅವನ ಮುಖ ಅರಳಿತು.

"ನಿಮ್ಮದೇ, ಗುರುಗಳೇ! ಕೂದಲೆಳೆಯಷ್ಟು ಹೆಚ್ಚು. ನಿಮ್ಮಾಣೆಗೂ!"

"ಎರಡೂ ನಿಂಗಮ್ಮನದೇ ಕಣೋ. ಒಂದೇ ತುಣುಕಿನಿಂದ, ಒಂದೇ ದಿನ ಬೆಳೆಸಿದ್ದು. ನನ್ನ ಹೆಸರು ಬರೆಸಿದ್ದು ಈಗ, ತರಿಸುವಾಗ."

ತಿಪ್ಪೇಶ ಗಾಬರಿಯಿಂದ ಮತ್ತೆ ಇಣುಕಿದ. ಈಗಲೂ ಗುರುಗಳ ಹೆಸರಿದ್ದದ್ದೇ ತಿಳಿಯಾಗಿ ಕಂಡಿತು! ನಾಚಿಕೆಯಿಂದ ಕುಗ್ಗಿಹೋದ.

"ನನ್ನ ಕಣ್ಣನ್ನ ನಾನೇ ನಂಬೋ ಹಾಗಿಲ್ಲವಲ್ಲ! ನಿಮಗೋಸ್ಕರ ದುಡಿಯೋದೇ ತಪ್ಪಾ? ನನಗೊಂದೂ ತಿಳೀತಿಲ್ಲ. ಈಗ ಎಲ್ಲಿಗೆ ಹೋಗಲಿ?"

ಗುರುಗಳು ತಡವಿ ತಡವಿ ತಟ್ಟೆಗಳನ್ನು ಹುಡುಕಿದರು. ಹೆಬ್ಬೆರಳಿನಿಂದ ಎರಡೂ ಹೆಸರನ್ನು ಉಜ್ಜಿ ಅಳಿಸಿದರು.

"ನಿನ್ನ ಕಣ್ಣಿನ ಮೋಸ ಈಗ ನಿನಗೇ ಗೊತ್ತಾಯಿತಲ್ಲ, ಎರಡನೆಯದಕ್ಕೇ ಹೋಗು, ಮಗಾ. ಆದರೆ ಅಲ್ಲಿ ನನ್ನ ತಟ್ಟೆ ಯಾವುದು ಅಂತ ನಿನಗೆ ಮಾತ್ರ ಗೊತ್ತಾಗದ ಹಾಗೆ ನೋಡಿಕೋ."