ಬಾನೆಟ್ಟಿನ ಹಾರ, ಒಳಗಿನ ಪ್ಲಗ್

ಆಯುಧಪೂಜೆಯ ಬೆಳಿಗ್ಗೆ ಹಳೇ ಕಾರಿನ ಬಾನೆಟ್ಟಿನ ಮೇಲೆ ಚೆಂಡುಹೂವಿನ ಹಾರವೊಂದು ಬಂದು ಕೂತಿತು. ಕೆಳಗೆ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ಗುಗಳು ಮಸಿ ಮೆತ್ತಿಕೊಂಡು ಕೂತಿದ್ದವು.

"ಯಾರದು ಒಳಗೆ? ಹಬ್ಬದ ದಿನವೂ ಸ್ನಾನವಿಲ್ಲವೇ?" ಎಂದಿತು ಹಾರ.

"ತೊಳೆಯುವವರು ಬಾನೆಟ್ಟಿನ ತನಕ ಬಂದು ನಿಲ್ಲುತ್ತಾರೆ, ತಂಗೀ," ಎಂದಿತು ಹಿರಿಯ ಪ್ಲಗ್. "ನಮ್ಮ ಜಾಗಕ್ಕೆ ಹೊಸಬರು ಹೋದ ವರ್ಷವೇ ಬಂದರು. ಅವರ ಡಬ್ಬಿಗೆ ಕುಂಕುಮ ಹಚ್ಚಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಕೂರಿಸಿದ್ದಾರೆ. ದುಡಿಮೆ ಇನ್ನೂ ನಮ್ಮದೇ."

"ಗೊಣಗಬೇಡ. ಇವತ್ತು ನನ್ನ ಮೆರವಣಿಗೆ!"

ಒಡತಿ ವಿಶಾಲಾಕ್ಷಮ್ಮ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಕೀಲಿ ತಿರುಗಿಸಿದರು. ಕಾರು ಕೆಮ್ಮಿತು, ಕದಲಲಿಲ್ಲ. ನಿಂಬೆಹಣ್ಣುಗಳು ನಕ್ಕವು.

ಹಾರ ಬಿಸಿಲಿಗೆ ಬಾಡತೊಡಗಿತು. "ಅಣ್ಣಾ, ಒಂದೇ ಒಂದು ಕಿಡಿ ಕೊಡಣ್ಣ!"

"ನನ್ನ ಕೈಲಾಗದು. ನೀನು ಪಕ್ಕಕ್ಕೆ ಸರಿದರೆ ಬಾನೆಟ್ಟಾದರೂ ತೆರೆದೀತು."

ಹಾರ ತುಸು ಯೋಚಿಸಿ, ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಲು ಬಂದ ವಿಶಾಲಾಕ್ಷಮ್ಮ, ಬಂದದ್ದೇ ಬಂದೆ ಎಂದು ಬಾನೆಟ್ಟನ್ನೂ ಎತ್ತಿದರು.

"ಅಮ್ಮಾ, ಡಬ್ಬಿಗೆ ಪೂಜೆ ಮಾಡಿ ಪ್ಲಗ್ ಹಾಕೋದೇ ಮರೆತ್ಯಾ?" ಎಂದು ಮಗಳು ಚಿನ್ಮಯಿ ಖಾನೆಯಿಂದ ಡಬ್ಬಿ ತೆಗೆದು ತೋರಿಸುತ್ತಾ ಬಿದ್ದು ಬಿದ್ದು ನಕ್ಕಳು.

"ನಗಬೇಡ, ಸ್ಪ್ಯಾನರ್ ಕೊಡು."

ಹಳಬರು ಹೊರಬಂದು ಪೂಜೆಯ ತಟ್ಟೆಯಲ್ಲಿ ಮಲಗಿದರು, ಹೊಸಬರು ಒಳಹೊಕ್ಕರು. ಹಾರ ಮತ್ತೆ ಮೇಲೇರಿತು. ನಿಂಬೆಹಣ್ಣುಗಳು ಪಚಕ್ಕೆಂದವು, ಕಾರು ಹೊರಟಿತು.

"ಅಣ್ಣಾ, ನಿನಗೂ ಕುಂಕುಮ ಹಚ್ಚಲು ಹೇಳಲೇ?" ಎಂದು ಹಾರ ಕೂಗಿತು.

"ಧಾರಾಳವಾಗಿ ಹಚ್ಚಲಿ, ನನಗಿನ್ನು ರಜ. ಹೊಸಬರಿಗೆ ಮಾತ್ರ ಬೇಡ, ಆಗಾಗ ಮುಖ ಉಜ್ಜಿದರೆ ಸಾಕು."