ಜಿಗಿದು ಬಂದ ಇರುವೆ

ಕಾಡಿನಲ್ಲಿ ಸಾಲುಗಟ್ಟಿ ಹೊರಟಿದ್ದ ಕೆಂಜಿಗ ಇರುವೆಗಳ ಎದುರು, ಸತ್ತ ಹುಳುವೊಂದನ್ನು ಕಚ್ಚಿಕೊಂಡ ವಿಚಿತ್ರ ಜೀವಿಯೊಂದು ಜಿಗಿದು ಬಂದು ನಿಂತಿತು. ಕಾವಲಿನ ಕೆಂಜಿಗ ಅಡ್ಡಗಟ್ಟಿತು.

"ಯಾರು ನೀನು?"

ಅದು ಹುಳುವನ್ನು ಕೆಳಗಿಟ್ಟು, "ಇರುವೆ" ಎಂದಿತು.

"ಸುಳ್ಳು! ಇಷ್ಟು ದೊಡ್ಡ ಕಣ್ಣು, ಇಂಥ ಜಿಗಿತ! ನೀನು ಮಿಡತೆ. ನಮ್ಮ ದಾರಿಗೆ ಬಂದ ಮಿಡತೆಯನ್ನು ನಾವು ಜೀವಸಹಿತ ಬಿಡುವುದಿಲ್ಲ."

"ನಮ್ಮ ಕುಲವೇ ಜಿಗಿಯುವ ಕುಲ. ಪ್ರಾಣ ಹೋಗುತ್ತದೆಂದು ತೆವಳಲಾರೆ."

ಅದರ ಕಾಲುಗಳು ಹಸಿವಿನಿಂದ ನಡುಗುತ್ತಿದ್ದುದನ್ನು ಕೆಂಜಿಗ ಗಮನಿಸಿತು. "ಎದುರಿಗೇ ಊಟವಿದೆ. ಯಾಕೆ ತಿಂದಿಲ್ಲ?"

"ಗೂಡಿನಲ್ಲಿ ಮರಿಗಳಿವೆ. ಅವು ತಿನ್ನದೆ ನಾನು ಹೇಗೆ ತಿನ್ನಲಿ?"

ಕೆಂಜಿಗ ಪಕ್ಕಕ್ಕೆ ಸರಿದು, ಇಡೀ ಸಾಲಿಗೆ ಕೇಳುವಂತೆ ಕೂಗಿತು: "ದಾರಿ ಬಿಡಿ! ನಮ್ಮವಳು ಮನೆಗೆ ಹೊರಟಿದ್ದಾಳೆ."