ನಿಂಬೆವ್ವನ ಟ್ರ್ಯಾಕ್ಟರ್ ಸೀಟು

ನಗೋರು ನಗ್ರಪಾ, ಆದರೆ ಚನ್ನವೀರನ್ನ ಬೈಬ್ಯಾಡ್ರಿ. ಬೈಯಾಕ ಅವರವ್ವ ಅದಾಳ.

ನಿಂಬೆವ್ವಗೆ ಇವನೊಬ್ಬನೇ ಮಗ. ಆಳು ನೋಡಿದರೆ ಬಾಗಿಲು ತುಂಬಾ, ಬುದ್ಧಿ ನೋಡಿದರೆ... ಇರಲಿ ಬಿಡಿ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಅದೇ ಕಷ್ಟ. ಒಮ್ಮೆ ಟ್ರ್ಯಾಕ್ಟರ್ ಮೇಲೆ ಕೂರಿಸಿ "ನೆಟ್ಟಗ ಹೋಗು" ಅಂದಿದ್ದಕ್ಕೆ ನೆಟ್ಟಗೆ ಪಕ್ಕದೂರು ಮುಟ್ಟಿದ್ದ. ಹಾಗಾಗಿ ಗಂಡ ಹೋದ ಮೇಲೆ ಟ್ರ್ಯಾಕ್ಟರ್ ಹೊಡೆಯೋಳು ನಿಂಬೆವ್ವನೇ.

ಈ ಸಲ ಬಿತ್ತನೆ ಹೊತ್ತಿಗೆ ಸರಿಯಾಗಿ ಸೀಟಿನ ಕೆಳಗಿನ ಶಾಕ್ ಅಬ್ಸಾರ್ಬರ್ ಸವೆದು, ಒಳಗಿನ ಎಣ್ಣೆಯೆಲ್ಲ ಸೋರಿತು. ಹೆಂಟೆ ಹೆಂಟೆಗೂ ಸೀಟು ಧಡ್ ಅಂತ ಸೊಂಟಕ್ಕೆ ಕುಟ್ಟೋದು. ಇನ್ನೊಂದು ದಿನ ಹೀಗೇ ಕೂತರೆ ಅವಳು ಹಾಸಿಗೆ ಹಿಡಿಯೋಳೇ. ಅವಳು ಹಾಸಿಗೆ ಹಿಡಿದರೆ ಹೊಲ ಬಿತ್ತೋರಿಲ್ಲ.

ಹಳೆಯದನ್ನ ಬಿಚ್ಚಿ ಮಗನ ಕೈಗೆ ಕೊಟ್ಟಳು. "ಪ್ಯಾಟಿಗೆ ಹೋಗಿ ಇದನ್ನ ತೋರ್ಸು. ಥೇಟ್ ಇಂಥಾದ್ದ ತರಬೇಕು. ಕೂದಲೆಳಿಯಷ್ಟೂ ಫರಕ ಇರಬಾರದು!"

"ಆತವ್ವ!"

ಅಂಗಡಿಯವ ಹೊಸದನ್ನ ತಂದಿಟ್ಟ.

"ಛೇ ಛೇ, ಇದು ಮಿಂಚತೈತಿ, ನಮ್ದು ಮಿಂಚಂಗಿಲ್ಲ! ಇದು ಸೋರಂಗಿಲ್ಲ, ನಮ್ದು ಸೋರತೈತಿ!"

ಅಂಗಡಿ ಅಂಗಡಿ ತಿರುಗಿದ. ಕೊನೆಗೆ ಗುಜರಿ ರಾಶಿಯಲ್ಲಿ ಅಷ್ಟೇ ಸವೆದದ್ದು, ಅಷ್ಟೇ ಸೋರುವುದು ಹುಡುಕಿ ತಂದ.

"ಥೇಟ್ ಐತಿ ನೋಡವ್ವ!"

ನಿಂಬೆವ್ವ ಹಣೆ ಬಡಿದುಕೊಂಡಳು. "ಏ ಹುಚ್ಚಪ್ಪಾ! ಹೊಸಾದ ತಾರೋ! ಎಳೆ ಕೂಸನ್ನ ತಂದಂಗ ಜ್ವಾಕಿಲೆ ತಾ!"

"ಆತವ್ವ!"

ಮರುದಿನ ಹೊಸದನ್ನೇ ತಗೊಂಡ. ಟವೆಲ್ಲಿನಲ್ಲಿ ಸುತ್ತಿ ಎದೆಗವಚಿಕೊಂಡ. ಬಸ್ಸಿನಲ್ಲಿ ಕೂತು "ಹಾರ್ನ್ ಹೊಡಿಬ್ಯಾಡ್ರಿ, ಮಲಗೈತಿ!" ಅಂದ. ಮನೆಗೆ ಬಂದು ಬಿಸಿನೀರು ಹೊಯ್ದ, ಲೋಬಾನದ ಹೊಗೆ ಕೊಟ್ಟ, ದೃಷ್ಟಿಬೊಟ್ಟು ಇಟ್ಟು ತನ್ನ ಹಳೇ ತೊಟ್ಟಿಲಿಗೆ ಹಾಕಿದ. ಅಷ್ಟರಲ್ಲಿ ಅದನ್ನ ಟ್ರ್ಯಾಕ್ಟರಿಗೆ ಕೂಡಿಸಲು ದಾವಲಸಾಬ ಮೇಸ್ತ್ರಿ ನಟ್ಟು ಬಿಚ್ಚೋ ಪಾನಾ, ಸುತ್ತಿಗೆ ಹಿಡಕೊಂಡು ಬಂದ.

"ಶ್! ಈಗಷ್ಟ ಕಣ್ಣು ಮುಚ್ಚೈತಿ. ನಾಳಿ ಬರ್ರಿ!"

ಮೇಸ್ತ್ರಿ ತೊಟ್ಟಿಲು ನೋಡಿದ, ಇವನ ಮುಖ ನೋಡಿದ, ಬಂದ ದಾರಿ ಹಿಡಿದ.

"ಅಯ್ಯೋ, ಬಿತ್ತೋದು ಒಂದಿನ ಹಾಳಾತಲ್ಲೋ!" ಅಂದಳು ನಿಂಬೆವ್ವ. "ಕಬ್ಬಿಣದ ಚಿಂತಿ ಬಿಡು. ನಿಮ್ಮವ್ವನ ಸೊಂಟದ ಚಿಂತಿ ಮಾಡು!"

"ಆತವ್ವ!"

ಮರುದಿನ ಮೇಸ್ತ್ರಿ ಬಂದು ಕೂಡಿಸಿ ಕೊಟ್ಟ. ಸೀಟು ಮೆತ್ತಗೆ ಇಳಿಯಿತು, ಮೆತ್ತಗೆ ಏರಿತು. ನಿಂಬೆವ್ವ ಒಂದೇ ಉಸಿರಿಗೆ ಅರ್ಧ ಹೊಲ ಬಿತ್ತಿ ಬಂದಳು.

ಉಳಿದರ್ಧಕ್ಕೆ ಹೋಗೋ ಮೊದಲು ರೊಟ್ಟಿ ಬಡಿಯೋಣ ಅಂತ ಮರುದಿನ ಬೆಳಿಗ್ಗೆ ಒಲೆ ಹತ್ತಿರ ಬಂದರೆ, ಟ್ರ್ಯಾಕ್ಟರ್ ಸೀಟು ಒಲೆಯ ಮುಂದೆ ನಿಂತಿತ್ತು! ಕೆಳಗೆ ಹೊಸ ಶಾಕ್ ಅಬ್ಸಾರ್ಬರ್. ಪಕ್ಕದಲ್ಲಿ ಪಾನಾ ಹಿಡಿದ ಮಗ.

"ಇದೇನ ಮಾಡಿದ್ಯೋ!"

"ನಿನ್ನ ಸೊಂಟದ ಚಿಂತಿ ಮಾಡಿದೆ ಅವ್ವ. ಟ್ರ್ಯಾಕ್ಟರ್ ಮ್ಯಾಲ ನೀ ವರ್ಷದಾಗ ಹತ್ತ ದಿನ ಕೂಡತಿ. ಒಲಿ ಮುಂದ ದಿನಾ ಕೂಡತಿ. ದಿನಾ ಏಳುವಾಗ 'ಅಯ್ಯೋ' ಅಂತಿ."

ನಿಂಬೆವ್ವ ಬೈಯಲು ಬಾಯಿ ತೆರೆದಳು. ಆದರೆ ಇಷ್ಟು ವರ್ಷ ತಾನು ಅಂದ 'ಅಯ್ಯೋ'ಗಳನ್ನ ಕೇಳಿಸಿಕೊಂಡವನು ಈ ಪೆದ್ದ ಒಬ್ಬನೇ ಅಂತ ಕಣ್ಣು ತುಂಬಿತು. ಸೀಟಿನ ಮೇಲೆ ಕೂತಳು. ಅದು ಮೆತ್ತಗೆ ಇಳಿಯಿತು.

"ಎಪ್ಪಾ, ಹಂಗಾರ ಹೊಲ ಬಿತ್ತಾಕ ನಾ ಎದರ ಮ್ಯಾಲ ಕೂಡ್ಲೋ?"

"ಅಲ್ಲಿ ನಿನ್ನ ರೊಟ್ಟಿ ಬಡಿಯೋ ಹಲಗಿ ಕಟ್ಟೀನವ್ವ! ನೀ ಅಂಟಿಕೋಬಾರದಂತ ಮ್ಯಾಲ ಹಿಟ್ಟೂ ಉದುರಿಸೀನಿ!"